ಉಪ್ಪಿನಾಗರದ ಬ್ಯಾಕ್ಟೀರಿಯಾಗಳಿಂದ ಕಿಣ್ವ ಪಡೆಯುವ ಕ್ರಮ

ಕಾರವಾರ, ಕುಮಟಾ, ಶಿರಸಿಯ ಕಾಲೇಜುಗಳಲ್ಲಿ ಸೂಕ್ಷ್ಮಜೀವಿಶಾಸ್ತ್ರವನ್ನೋ ಜೈವಿಕ ತಂತ್ರಜ್ಞಾನವನ್ನೋ ಓದುತ್ತಿರುವ ವಿದ್ಯಾರ್ಥಿಗಳಿಗೆ ಗೋಕರ್ಣದ ಪಕ್ಕದ ಸಾಣಿಕಟ್ಟಾ ಉಪ್ಪಿನಾಗರಕ್ಕಿಂತ ಒಳ್ಳೆಯ ಪ್ರಯೋಗಭೂಮಿ ಸಮೀಪದಲ್ಲಿ ಇನ್ನೊಂದಿಲ್ಲ. ಅಘನಾಶಿನಿಯ ಅಳಿವೆಯಿಂದ ಒಳಬರುವ ನೀರು ಒಂದು ಕೊಳದಿಂದ ಇನ್ನೊಂದಕ್ಕೆ ಹರಿಯುತ್ತ, ಬಿಸಿಲಿಗೆ ಆರುತ್ತ, ಸಮುದ್ರದ ನೀರಿನ ಸುಮಾರು 3.5 ಶೇಕಡಾ ಉಪ್ಪಿನಿಂದ ಹರಳುಗಟ್ಟುವ 25 ಶೇಕಡಾ ಮೀರಿದ ಸಾಂದ್ರತೆಯವರೆಗೆ ಏರುವುದನ್ನು ಅಲ್ಲಿ ಕೆಲವೇ ಹೆಜ್ಜೆಗಳ ಅಂತರದಲ್ಲಿ ಕಾಣಬಹುದು. ಒಂದೊಂದು ಸಾಂದ್ರತೆಗೂ ಒಗ್ಗಿದ ಬೇರೆಬೇರೆ ಜೀವಿಗಳು ಆಯಾ ಕೊಳಗಳಲ್ಲಿ ನೆಲೆಸಿರುತ್ತವೆ. ಅವುಗಳಲ್ಲಿ ಹಲವು ಪಿಷ್ಟ, ಪ್ರೋಟೀನು, ಕೊಬ್ಬುಗಳನ್ನು ಒಡೆಯುವ ಕಿಣ್ವಗಳನ್ನು ತಮ್ಮ ಜೀವಕೋಶದ ಹೊರಗೆ ಸ್ರವಿಸುತ್ತವೆ. ಅಂಥ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ, ಕಿಣ್ವ ಉತ್ಪಾದಿಸುವಂತೆ ಬೆಳೆಸಿ, ಆ ಕಿಣ್ವವನ್ನು ಸರಿಯಾಗಿ ಅಳೆಯುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ. ಸಾಧಾರಣ ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ ಇರುವ ಸಲಕರಣೆಗಳೇ ಇದರ ಬಹುಪಾಲು ಕೆಲಸಕ್ಕೆ ಸಾಕಾಗುತ್ತವೆ.

ಕೆಲಸಕ್ಕೆ ಇಳಿಯುವ ಮುನ್ನ ಒಂದು ವಿಷಯ ಸ್ಪಷ್ಟವಾಗಿರಬೇಕು. ಬ್ಯಾಕ್ಟೀರಿಯಾ ಬೆಳೆಯಲು ಬೇಕಾಗುವ ಉಪ್ಪು, ಅದು ಕಿಣ್ವವನ್ನು ಹೆಚ್ಚು ಉತ್ಪಾದಿಸಲು ಬೇಕಾಗುವ ಉಪ್ಪು, ಉತ್ಪಾದನೆಯಾದ ಕಿಣ್ವ ಕೆಲಸ ಮಾಡಲು ಬೇಕಾಗುವ ಉಪ್ಪು ಮತ್ತು ಅದೇ ಕಿಣ್ವ ಕೆಡದೆ ಉಳಿಯಲು ಬೇಕಾಗುವ ಉಪ್ಪು – ಇವು ನಾಲ್ಕು ಬೇರೆಬೇರೆ ಅಳತೆಗಳು. ಉಪ್ಪು ಬೆರೆಸಿದ ಮಾಧ್ಯಮದ ಪ್ಲೇಟಿನ ಮೇಲೆ ಕಾಲನಿಯ (ಬ್ಯಾಕ್ಟೀರಿಯಾಗಳು ಬೆಳೆದು ಮೂಡಿದ ಚುಕ್ಕಿಯ) ಸುತ್ತ ತಿಳಿ ವಲಯ ಮೂಡಿತೆಂಬ ಒಂದೇ ಕಾರಣಕ್ಕೆ ‘ಲವಣಪ್ರಿಯ ಕಿಣ್ವ ದೊರೆಯಿತು’ ಎಂದು ಬರೆದುಬಿಡುವ ಪ್ರಾಜೆಕ್ಟ್ ವರದಿಗಳು ಬಹಳ. ಜೀವಿ ಲವಣಪ್ರಿಯವಾಗಿದ್ದರೂ ಕಿಣ್ವವು ಉಪ್ಪನ್ನು ಕೇವಲ ಸಹಿಸಿಕೊಳ್ಳುವಂಥದ್ದಾಗಿರಬಹುದು. ಈ ನಾಲ್ಕನ್ನೂ ಪ್ರತ್ಯೇಕವಾಗಿ ಅಳೆದಾಗ ಮಾತ್ರ ನಿಮ್ಮ ಫಲಿತಾಂಶಕ್ಕೆ ತೂಕ ಬರುತ್ತದೆ.

ಯಾವ ಜೀವಿಗಳು, ಏಕೆ

ಸೂಕ್ಷ್ಮಜೀವಿವಿಜ್ಞಾನಿ ಕುಶ್ನರ್ ಅವರ ವಿಂಗಡಣೆಯಂತೆ 0.2ರಿಂದ 0.5 ಮೋಲಾರ್ ಉಪ್ಪಿನಲ್ಲಿ ಚೆನ್ನಾಗಿ ಬೆಳೆಯುವವು ಅಲ್ಪ ಲವಣಪ್ರಿಯ, 0.5ರಿಂದ 2.5 ಮೋಲಾರ್‌ನಲ್ಲಿ ಬೆಳೆಯುವವು ಮಧ್ಯಮ ಲವಣಪ್ರಿಯ, ಅದಕ್ಕೂ ಮೇಲೆ 5.2 ಮೋಲಾರ್‌ವರೆಗೆ ಬೆಳೆಯುವವು ತೀವ್ರ ಲವಣಪ್ರಿಯ ಜೀವಿಗಳು. ಲೀಟರಿಗೆ 100 ಗ್ರಾಂ ಉಪ್ಪು ಬೆರೆಸಿದರೆ ಸುಮಾರು 1.7 ಮೋಲಾರ್, 250 ಗ್ರಾಂ ಬೆರೆಸಿದರೆ ಸುಮಾರು 4.3 ಮೋಲಾರ್ ಆಗುತ್ತದೆ. ಉಪ್ಪಿಲ್ಲದೆಯೂ ಬೆಳೆದು, ಉಪ್ಪಿದ್ದರೆ ತಾಳಿಕೊಳ್ಳುವವನ್ನು ಲವಣಸಹಿಷ್ಣು ಎನ್ನಬೇಕೇ ಹೊರತು ಲವಣಪ್ರಿಯ ಎನ್ನಬಾರದು.

ಹ್ಯಾಲೊಮೊನಾಸ್, ಕ್ರೋಮೊಹ್ಯಾಲೊಬ್ಯಾಕ್ಟರ್, ಸ್ಯಾಲಿನಿವಿಬ್ರಿಯೊ, ಹ್ಯಾಲೊಬ್ಯಾಸಿಲಸ್, ವರ್ಜಿಬ್ಯಾಸಿಲಸ್‌ನಂಥ ಮಧ್ಯಮ ಲವಣಪ್ರಿಯ ಬ್ಯಾಕ್ಟೀರಿಯಾಗಳು ಹೊರಗಿನ ಉಪ್ಪನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದರ ಬದಲು ಎಕ್ಟೋಯಿನ್, ಬೀಟೇನ್ ಮೊದಲಾದ ಸಣ್ಣ ಸಾವಯವ ಅಣುಗಳನ್ನು ಕೂಡಿಟ್ಟುಕೊಂಡು ಹೊರಗಿನ ಒತ್ತಡಕ್ಕೆ ಸಮನಾಗಿ ನಿಲ್ಲುತ್ತವೆ. ಹಾಗಾಗಿ ಅವುಗಳ ಒಳಗಿನ ಕಿಣ್ವಗಳು ಬಹುಮಟ್ಟಿಗೆ ಸಾಮಾನ್ಯ ಕಿಣ್ವಗಳಂತೆಯೇ ಇರುತ್ತವೆ. ಹೊರಗೆ ಸ್ರವಿಸಿದ ಕಿಣ್ವಗಳು ಮಾತ್ರ ಉಪ್ಪುನೀರನ್ನು ನೇರವಾಗಿ ಎದುರಿಸಬೇಕಾಗುತ್ತದೆ. ಹ್ಯಾಲೊಬ್ಯಾಕ್ಟೀರಿಯಂ, ಹ್ಯಾಲೊಫೆರಾಕ್ಸ್, ಹ್ಯಾಲೊಆರ್ಕುಲಾ ಮುಂತಾದ ಆರ್ಕಿಯಾಗಳ ದಾರಿಯೇ ಬೇರೆ. ಕೆಲವುಗಳ ಹೆಸರಿನಲ್ಲಿ ಬ್ಯಾಕ್ಟೀರಿಯಾ ಇದ್ದರೂ ಇವು ಬ್ಯಾಕ್ಟೀರಿಯಾಗಳಲ್ಲ, ನೋಡಲು ಅವುಗಳಂತಿರುವ ಬೇರೆಯೇ ಗುಂಪಿನ ಏಕಕೋಶ ಜೀವಿಗಳು. ಇವು ಪೊಟ್ಯಾಸಿಯಂ ಕ್ಲೋರೈಡನ್ನು ಜೀವಕೋಶದೊಳಗೇ ತುಂಬಿಕೊಳ್ಳುತ್ತವೆ. ಇವುಗಳ ಪ್ರೋಟೀನುಗಳ ಮೇಲ್ಮೈಯಲ್ಲಿ ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಆಮ್ಲಗಳು ದಟ್ಟವಾಗಿರುವುದರಿಂದ ಆ ಋಣ ವಿದ್ಯುದಂಶ ಉಪ್ಪಿನ ನಡುವೆಯೂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪು ಕಡಿಮೆಯಾದರೆ ಇದೇ ಋಣ ಅಂಶಗಳು ಒಂದನ್ನೊಂದು ದೂಡಿ ಪ್ರೋಟೀನಿನ ಮಡಿಕೆ ಬಿಚ್ಚಿಹೋಗುತ್ತದೆ. 2002ರಲ್ಲಿ ಸ್ಪೇನಿನ ಉಪ್ಪಿನಾಗರಗಳಿಂದ ವಿವರಿಸಲಾದ ಸ್ಯಾಲಿನಿಬ್ಯಾಕ್ಟರ್ ರೂಬರ್ ಎಂಬ ನಿಜವಾದ ಬ್ಯಾಕ್ಟೀರಿಯಾ ಕೂಡ ಆರ್ಕಿಯಾಗಳಂತೆಯೇ ಹರಳುಗಟ್ಟುವ ನೀರಿನಲ್ಲಿ ಬದುಕುತ್ತದೆ. ಆದ್ದರಿಂದ ಪ್ಲೇಟಿನ ಮೇಲೆ ಕೆಂಪು ಕಾಲನಿ ಕಂಡ ಕೂಡಲೇ ಅದು ಆರ್ಕಿಯಾ ಎಂದು ತೀರ್ಮಾನಿಸಬಾರದು.

ಮೊದಲ ಬಾರಿ ಈ ಕೆಲಸ ಕೈಗೊಳ್ಳುವವರು ಮಧ್ಯಮ ಲವಣಪ್ರಿಯ ಬ್ಯಾಕ್ಟೀರಿಯಾಗಳನ್ನೇ ಆರಿಸಿಕೊಳ್ಳುವುದು ಒಳ್ಳೆಯದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅವು ಎರಡರಿಂದ ಐದು ದಿನಗಳಲ್ಲಿ ಬೆಳೆಯುತ್ತವೆ, ಉಪ್ಪಿನ ವಿಶಾಲ ವ್ಯಾಪ್ತಿಯನ್ನು ತಾಳುತ್ತವೆ. ಆರ್ಕಿಯಾಗಳಿಗೆ ಒಂದರಿಂದ ಮೂರು ವಾರ ಕಾಯಬೇಕು. ಒಂದು ಸೆಮಿಸ್ಟರಿನ ಅವಧಿಯಲ್ಲಿ ಆ ಕಾಯುವಿಕೆಯೇ ಕೆಲಸವನ್ನು ನುಂಗಿಬಿಡುತ್ತದೆ.

ಮಾದರಿ ಸಂಗ್ರಹ

ಕರಾವಳಿಯ ಮಳೆಗಾಲದಲ್ಲಿ ಆಗರಗಳು ಸಿಹಿನೀರಿನಿಂದ ತುಂಬಿ ಉಪ್ಪಿನ ಏರುಪೇರು ಅಳಿಸಿಹೋಗುವುದರಿಂದ ಮಾರ್ಚ್‌ನಿಂದ ಮೇ ತಿಂಗಳ ಮೊದಲ ವಾರಗಳವರೆಗಿನ ಬಿಸಿಲುಕಾಲವೇ ಸಂಗ್ರಹಕ್ಕೆ ತಕ್ಕುದು. ಮೊದಲ ಅಡ್ಡಮಳೆ ಬೀಳುವುದರೊಳಗೆ ಕೆಲಸ ಮುಗಿಸಿಕೊಳ್ಳಬೇಕು. ಆಗರದಲ್ಲಿ ದುಡಿಯುವವರ ಒಪ್ಪಿಗೆ ಪಡೆದೇ ಒಳಗೆ ಇಳಿಯಬೇಕು. ಹರಳುಗಟ್ಟುವ ಮಡಿಗಳ ತಳವನ್ನು ಅವರು ಕಷ್ಟಪಟ್ಟು ತಟ್ಟಿ ಗಟ್ಟಿ ಮಾಡಿರುತ್ತಾರೆ. ಅದರೊಳಗೆ ಕಾಲಿಟ್ಟರೆ ಮಣ್ಣು ಕದಡಿ ಉಪ್ಪು ಕೆಡುತ್ತದೆ. ಬದುವಿನ ಮೇಲೆ ಕುಳಿತು, ಉದ್ದ ಹಿಡಿಯ ಸೌಟಿಗೆ ಬಾಟಲಿ ಕಟ್ಟಿ ನೀರು ತೆಗೆದರೆ ಸಾಕು.

ಕನಿಷ್ಠ ಮೂರು ಹಂತಗಳಿಂದ ಮಾದರಿ ತೆಗೆಯಬೇಕು: ಅಳಿವೆಯ ನೀರು ಬಂದು ನಿಲ್ಲುವ ಮೊದಲ ಕೊಳ, ಉಪ್ಪು 10ರಿಂದ 15 ಶೇಕಡಾ ತಲುಪಿದ ನಡುವಿನ ಕೊಳ ಮತ್ತು ಹರಳುಗಟ್ಟುವ ಮಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಕೊನೆಯ ಮಡಿಯ ಅಂಚಿಗೆ ಬಗ್ಗಿ ನೋಡಿದರೆ ನೀರಿನ ಮೇಲೆ ತೆಳ್ಳಗಿನ ಉಪ್ಪಿನ ಪೊರೆಗಳು ತೇಲುತ್ತಿರುತ್ತವೆ. ಅವು ದಪ್ಪವಾದಂತೆ ತಳಕ್ಕೆ ಇಳಿಯುತ್ತವೆ. ಕೆಲವು ಮಡಿಗಳಲ್ಲಿ ನೀರಿಗೆ ಇಟ್ಟಿಗೆಯ ನಸುಗೆಂಪು ಬಣ್ಣ ಬಂದಿರುತ್ತದೆ. ಆರ್ಕಿಯಾಗಳ ಬ್ಯಾಕ್ಟೀರಿಯೊರೂಬೆರಿನ್ ಮತ್ತು ಡ್ಯುನಾಲಿಯೆಲ್ಲಾ ಸಲೀನಾ ಎಂಬ ಪಾಚಿಯ ಬೀಟಾ ಕ್ಯಾರೊಟಿನ್ ಆ ಬಣ್ಣಕ್ಕೆ ಮುಖ್ಯ ಕಾರಣಗಳು. ಅಂಥ ನೀರನ್ನೂ, ಮಡಿಯ ಅಂಚಿನ ಮಣ್ಣನ್ನು ಎರಡರಿಂದ ಐದು ಸೆಂಟಿಮೀಟರ್ ಆಳದಿಂದಲೂ, ಒಂದಿಷ್ಟು ಹಸಿ ಹರಳುಗಳನ್ನೂ ಬೇರೆಬೇರೆಯಾಗಿ ಕ್ರಿಮಿಶುದ್ಧ ಬಾಟಲಿಗಳಲ್ಲಿ ತುಂಬಿಕೊಳ್ಳಬೇಕು. ಪ್ರತಿ ಮಾದರಿಯ ಉಷ್ಣತೆ, ಪಿಎಚ್ ಮತ್ತು ಉಪ್ಪಿನಂಶವನ್ನು ಅಲ್ಲಿಯೇ ಬರೆದುಕೊಳ್ಳಬೇಕು.

ಉಪ್ಪಿನಂಶ ಅಳೆಯಲು ಸಿಗಡಿ ಕೃಷಿಯವರು ಬಳಸುವ ಕೈ ರಿಫ್ರ್ಯಾಕ್ಟೋಮೀಟರ್ ಸಾಮಾನ್ಯವಾಗಿ 10 ಶೇಕಡಾವರೆಗೆ ಮಾತ್ರ ತೋರಿಸುತ್ತದೆ. ಅದಕ್ಕಿಂತ ಸಾಂದ್ರವಾದ ನೀರನ್ನು ಅಳತೆಗೆಂದೇ ಸ್ವಲ್ಪ ಬೇರೆ ತೆಗೆದು, ಶುದ್ಧ ನೀರಿನಲ್ಲಿ ನಾಲ್ಕು ಪಟ್ಟು ತೆಳುಗೊಳಿಸಿ, ಬಂದ ಅಂಕಿಯನ್ನು ನಾಲ್ಕರಿಂದ ಗುಣಿಸಿದರೆ ಅಂದಾಜು ಸಿಗುತ್ತದೆ. ಆಗರದವರ ಬಳಿ ಉಪ್ಪುನೀರಿನ ದಟ್ಟತೆ ಅಳೆಯುವ ಬೋಮೆ ಮಾಪಕವಿದ್ದರೆ ಅದೂ ಆದೀತು. ಸುಮಾರು 25 ಡಿಗ್ರಿ ಬೋಮೆಯ ಹೊತ್ತಿಗೆ ಅಡುಗೆ ಉಪ್ಪು ಹರಳುಗಟ್ಟತೊಡಗುತ್ತದೆ. ಬಾಟಲಿಗಳನ್ನು ನೆರಳಿನಲ್ಲಿ, ತಂಪಾದ ಪೆಟ್ಟಿಗೆಯಲ್ಲಿ ಒಯ್ಯಬೇಕು. ಕರಗಿದ ಮಂಜುಗಡ್ಡೆಯ ನೀರು ಮುಚ್ಚಳದ ಸಂದಿಯಿಂದ ಒಳಗಿಳಿಯದಂತೆ ಎಚ್ಚರ ವಹಿಸಬೇಕು. ತೀವ್ರ ಲವಣಪ್ರಿಯ ಜೀವಿಗಳಿಗೆ ಆ ಸಿಹಿನೀರೇ ಮಾರಕ. ಒಂದು ದಿನದೊಳಗೆ ಪ್ಲೇಟಿಗೆ ಹಾಕುವುದು ಉತ್ತಮ.

ಆಗರಕ್ಕೆ ಹೋಗಲಾಗದವರಿಗೆ ಕಾರವಾರ, ಕುಮಟಾ, ಹೊನ್ನಾವರದ ಮಾರುಕಟ್ಟೆಗಳ ಉಪ್ಪು ಹಾಕಿದ ಒಣಮೀನು ಕೂಡ ಒಳ್ಳೆಯ ಮೂಲವೇ. ಒಣಮೀನಿನ ಮೇಲೆ ಮಳೆಗಾಲದ ತೇವಕ್ಕೆ ಕಾಣಿಸಿಕೊಳ್ಳುವ ನಸುಗೆಂಪು ಲೇಪ ಬಹುತೇಕ ಬಿಸಿಲುಪ್ಪಿನ ಜೊತೆಗೇ ಬಂದ ಲವಣಪ್ರಿಯ ಜೀವಿಗಳದ್ದು. ಮೀನಿನ ಮಾಂಸವನ್ನು ಕರಗಿಸಿಯೇ ಅವು ಬದುಕುವುದರಿಂದ ಪ್ರೋಟೀನು ಒಡೆಯುವ ಪ್ರೋಟಿಯೇಸ್ ಕಿಣ್ವವನ್ನು ಹುಡುಕುವವರು ಅಲ್ಲಿಂದಲೇ ಆರಂಭಿಸಬಹುದು. ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳ ಮಣ್ಣಿನಲ್ಲಿ ಉಪ್ಪು ಋತುವಿನಿಂದ ಋತುವಿಗೆ ಬದಲಾಗುವುದರಿಂದ ಅಲ್ಲಿ ಲವಣಸಹಿಷ್ಣು ಜಾತಿಗಳನ್ನು ಹೆಚ್ಚಾಗಿ ನಿರೀಕ್ಷಿಸಬೇಕು.

ಮಾಧ್ಯಮ ಮತ್ತು ಬೇರ್ಪಡಿಸುವಿಕೆ

ಮಧ್ಯಮ ಲವಣಪ್ರಿಯ ಬ್ಯಾಕ್ಟೀರಿಯಾಗಳಿಗೆ ಲೀಟರಿಗೆ ಸೋಡಿಯಂ ಕ್ಲೋರೈಡ್ 100 ಗ್ರಾಂ, ಏಳು ನೀರಿನಣುಗಳ ಮೆಗ್ನೀಸಿಯಂ ಸಲ್ಫೇಟ್ 20 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 2 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 3 ಗ್ರಾಂ, ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ 5 ಗ್ರಾಂ, ಕೇಸಿನ್ ಹೈಡ್ರೊಲೈಸೇಟ್ 5 ಗ್ರಾಂ ಸೇರಿಸಿ, ಪಿಎಚ್ 7.2ರಿಂದ 7.5ಕ್ಕೆ ಹೊಂದಿಸಿದ ಮಾಧ್ಯಮ ಸಾಕು. ಆರ್ಕಿಯಾಗಳಿಗಾದರೆ ಸೋಡಿಯಂ ಕ್ಲೋರೈಡನ್ನು 250 ಗ್ರಾಂಗೆ ಏರಿಸಬೇಕು. ಗಟ್ಟಿ ಮಾಧ್ಯಮಕ್ಕೆ ಲೀಟರಿಗೆ 20 ಗ್ರಾಂ ಅಗಾರ್ ಬೇಕು. ಕೇಸಿನ್ ಹೈಡ್ರೊಲೈಸೇಟಿನ ಬದಲು ಕೈಗೆ ಸಿಕ್ಕ ಪೆಪ್ಟೋನ್ ಬಳಸಬಾರದು, ಏಕೆಂದರೆ ಕೆಲವು ಪೆಪ್ಟೋನುಗಳಲ್ಲಿ ಉಳಿದಿರುವ ಪಿತ್ತಲವಣಗಳು ಆರ್ಕಿಯಾಗಳ ಜೀವಕೋಶಗಳನ್ನು ಒಡೆದುಬಿಡುತ್ತವೆ. ಫಾಸ್ಫೇಟ್ ಸೇರಿಸುವುದಿದ್ದರೆ ಅದನ್ನು ಬೇರೆಯಾಗಿ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಗೊಳಿಸಿ) ಆರಿದ ಮೇಲೆ ಬೆರೆಸಬೇಕು. ಇಲ್ಲವಾದರೆ ಮೆಗ್ನೀಸಿಯಂ ಜೊತೆ ಸೇರಿ ತಳದಲ್ಲಿ ಬಿಳಿ ಗಸಿ ಕೂರುತ್ತದೆ.

ಸಾಂದ್ರ ಉಪ್ಪಿನಲ್ಲಿ ಪಿಎಚ್ ಮಾಪಕ ತೋರಿಸುವ ಅಂಕಿ ನಿಜವಾದ ಪಿಎಚ್‌ಗಿಂತ ಸ್ವಲ್ಪ ಸರಿದಿರುತ್ತದೆ. ಪ್ರತಿ ಬಾರಿಯೂ ಅದೇ ಮಾಪಕವನ್ನು ಅದೇ ರೀತಿ ಬಳಸಿ, ವರದಿಯಲ್ಲಿ ‘ಮಾಪಕದ ಓದಿಕೆ’ ಎಂದೇ ಬರೆಯುವುದು ಪ್ರಾಮಾಣಿಕ ಕ್ರಮ.

ಹಲವರ ಪ್ರಯೋಗ ಇಲ್ಲಿಯೇ ಹಾಳಾಗುವುದರಿಂದ ಮುಂದಿನ ಮಾತಿಗೆ ವಿಶೇಷ ಗಮನ ಕೊಡಬೇಕು. ಮಾದರಿಯನ್ನು ತೆಳುಗೊಳಿಸಲು ಶುದ್ಧ ನೀರನ್ನಾಗಲಿ, ಪ್ರಯೋಗಾಲಯದಲ್ಲಿ ಸಿದ್ಧವಾಗಿರುವ 0.85 ಶೇಕಡಾ ಸಲೈನನ್ನಾಗಲಿ ಎಂದೂ ಬಳಸಬಾರದು. ಮಾದರಿಯ ಉಪ್ಪು ಎಷ್ಟಿದೆಯೋ ಅಷ್ಟೇ ಉಪ್ಪಿನ ಕ್ರಿಮಿಶುದ್ಧ ದ್ರಾವಣದಲ್ಲಿ ಹತ್ತು ಪಟ್ಟಿನ ಸರಣಿಯಾಗಿ ತೆಳುಗೊಳಿಸಿ, ಪ್ರತಿಯೊಂದರಿಂದ 0.1 ಮಿಲಿಲೀಟರ್ ತೆಗೆದು ಪ್ಲೇಟಿನ ಮೇಲೆ ಸವರಬೇಕು. ಜೊತೆಗೆ 10 ಮಿಲಿಲೀಟರ್ ಮಾದರಿಯನ್ನು 90 ಮಿಲಿಲೀಟರ್ ದ್ರವ ಮಾಧ್ಯಮಕ್ಕೆ ಹಾಕಿ, ಒಂದು ಶೇಕಡಾ ಪಿಷ್ಟವನ್ನೋ ಕೆನೆರಹಿತ ಹಾಲಿನ ಪುಡಿಯನ್ನೋ ಸೇರಿಸಿ ಕೆಲವು ದಿನ ಬೆಳೆಸಿದರೆ ಆಯಾ ಕಿಣ್ವ ಉತ್ಪಾದಿಸುವ ಜಾತಿಗಳ ಸಂಖ್ಯೆ ವೃದ್ಧಿಸುತ್ತದೆ. ಆದರೆ ಈ ವೃದ್ಧಿಯಲ್ಲಿ ಬೇಗ ಬೆಳೆಯುವ ಒಂದೆರಡು ಜಾತಿಗಳು ಉಳಿದವನ್ನು ಮುಚ್ಚಿಹಾಕುವುದರಿಂದ ನೇರ ಸವರುವಿಕೆಯನ್ನು ಬಿಡಬಾರದು.

ಪ್ಲೇಟುಗಳನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ದಿನಗಟ್ಟಲೆ ಇಡುವುದರಿಂದ ಅಗಾರ್ ಒಣಗಿ ಅದರ ಮೇಲೆ ಉಪ್ಪಿನ ಹರಳುಗಳು ಮೂಡುತ್ತವೆ. ಹೊಸಬರು ಅದನ್ನೇ ಕಾಲನಿಯೆಂದು ಭಾವಿಸುವುದುಂಟು. ಪ್ಲೇಟುಗಳನ್ನು ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಇನ್ಕ್ಯುಬೇಟರಿನೊಳಗೆ ಒಂದು ಬೀಕರಿನಲ್ಲಿ ನೀರಿಟ್ಟರೆ ಇದನ್ನು ತಪ್ಪಿಸಬಹುದು. ಸಂದೇಹ ಬಂದರೆ ಚುಕ್ಕಿಯನ್ನು ಲೂಪಿನಿಂದ ಮುಟ್ಟಿ ನೋಡಬೇಕು: ಹರಳು ಕಿರಕಿರ ಎನ್ನುತ್ತದೆ, ಕಾಲನಿ ಬೆಣ್ಣೆಯಂತೆ ಲೂಪಿಗೆ ಹತ್ತುತ್ತದೆ.

ಬೇರೆಬೇರೆ ರೂಪದ ಕಾಲನಿಗಳನ್ನು ಆರಿಸಿ, ಮೂರು ಬಾರಿಯಾದರೂ ಮರುಗೆರೆ ಎಳೆದು ಶುದ್ಧಗೊಳಿಸಬೇಕು. ಬ್ಯಾಕ್ಟೀರಿಯಾಗಳನ್ನು ಬಣ್ಣದಿಂದ ವಿಂಗಡಿಸುವ ಗ್ರಾಮ್ ವರ್ಣಲೇಪನಕ್ಕೆ ಸಾಮಾನ್ಯ ವಿಧಾನ ಒಗ್ಗುವುದಿಲ್ಲ; ಸ್ಲೈಡಿನ ಮೇಲೆ ಉಪ್ಪು ಹರಳಾಗಿ ಜೀವಕೋಶಗಳೇ ಕಾಣುವುದಿಲ್ಲ, ನೀರಿನಲ್ಲಿ ತೊಳೆದರೆ ಅವು ಒಡೆಯುತ್ತವೆ. ಒಣಗಿದ ಲೇಪವನ್ನು 2 ಶೇಕಡಾ ಅಸಿಟಿಕ್ ಆಮ್ಲದಲ್ಲಿ ಐದು ನಿಮಿಷ ಇಟ್ಟರೆ ಉಪ್ಪೂ ಹೋಗುತ್ತದೆ, ಜೀವಕೋಶಗಳೂ ಸ್ಥಿರಗೊಳ್ಳುತ್ತವೆ. 1955ರಲ್ಲಿ ಡಸೋ ಪ್ರಕಟಿಸಿದ ಈ ವಿಧಾನವನ್ನು ಇಂದಿಗೂ ಬಳಸಲಾಗುತ್ತದೆ. ಆರ್ಕಿಯಾಗಳ ಭಿತ್ತಿಯಲ್ಲಿ ಪೆಪ್ಟಿಡೊಗ್ಲೈಕನ್ ಇಲ್ಲದ ಕಾರಣ ಅವು ಆಂಪಿಸಿಲಿನ್‌ಗೆ ಜಗ್ಗುವುದಿಲ್ಲ; ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಆಂಪಿಸಿಲಿನ್ ಬೆರೆಸಿದ ಪ್ಲೇಟಿನಲ್ಲಿ ಬೆಳೆಸಿ ನೋಡುವುದು ಮೊದಲ ಸುಳಿವಿಗೆ ಉಪಯುಕ್ತ. ಖಚಿತ ಗುರುತಿಗೆ, ಜೀವಿಗಳ ಬಂಧುತ್ವ ತಿಳಿಯಲು ಬಳಸುವ 16ಎಸ್ ಆರ್‌ಆರ್‌ಎನ್‌ಎ ವಂಶವಾಹಿಯ ಅನುಕ್ರಮವೇ ಬೇಕು. ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್‌ಗೆ ಉಪ್ಪು ಅಡ್ಡಿಯಾಗುವುದರಿಂದ ಡಿಎನ್‌ಎಯನ್ನು ಚೆನ್ನಾಗಿ ತೊಳೆದುಕೊಳ್ಳಬೇಕು. ಬ್ಯಾಕ್ಟೀರಿಯಾಗಳಿಗೆಂದು ರೂಪಿಸಿದ ಪ್ರೈಮರುಗಳು (ಪ್ರತಿ ತೆಗೆಯುವಿಕೆಯನ್ನು ಆರಂಭಿಸುವ ಡಿಎನ್‌ಎ ತುಣುಕುಗಳು) ಆರ್ಕಿಯಾಗಳಿಗೆ ಹೊಂದದಿರಬಹುದು.

ಕಿಣ್ವವನ್ನು ಪ್ಲೇಟಿನ ಮೇಲೆ ಗುರುತಿಸುವುದು

ಪಿಷ್ಟ ಒಡೆಯುವ ಅಮೈಲೇಸನ್ನು ಗುರುತಿಸಲು ಮಾಧ್ಯಮಕ್ಕೆ 1 ಶೇಕಡಾ ಕರಗುವ ಪಿಷ್ಟ ಸೇರಿಸಿ, ಬೆಳೆದ ಕಾಲನಿಗಳ ಮೇಲೆ ಅಯೋಡಿನ್ ದ್ರಾವಣವನ್ನು ಸುರಿಯಬೇಕು. ಕೆಲವೇ ಕ್ಷಣಗಳಲ್ಲಿ ಇಡೀ ಪ್ಲೇಟು ಗಾಢ ನೀಲಿಗೆ ತಿರುಗಿ, ಪಿಷ್ಟ ಕರಗಿದ ಕಡೆ ಮಾತ್ರ ಕಾಲನಿಯ ಸುತ್ತ ತಿಳಿ ಹಳದಿಯ ಉಂಗುರ ಉಳಿಯುತ್ತದೆ. ಉಂಗುರದ ಅಂಚು ಕೆಲವೊಮ್ಮೆ ಕೆಂಪು ನೇರಳೆಯಾಗಿರುತ್ತದೆ; ಅದು ಅರ್ಧ ಒಡೆದ ಪಿಷ್ಟದ ಗುರುತು. ಬಣ್ಣ ಬೇಗ ಮಾಸುವುದರಿಂದ ಕೂಡಲೇ ಅಳೆದು ಚಿತ್ರ ತೆಗೆಯಬೇಕು. ಅಯೋಡಿನ್ ತಾಗಿದ ಕಾಲನಿ ಬದುಕುವುದಿಲ್ಲವಾದ್ದರಿಂದ ಅದರ ಪ್ರತಿಯನ್ನು ಇನ್ನೊಂದು ಪ್ಲೇಟಿನಲ್ಲಿ ಮೊದಲೇ ಇಟ್ಟುಕೊಂಡಿರಬೇಕು.

ಪ್ರೋಟಿಯೇಸಿಗೆ 1 ಶೇಕಡಾ ಕೆನೆರಹಿತ ಹಾಲಿನ ಪುಡಿಯನ್ನು ಬೇರೆಯಾಗಿ ಆಟೋಕ್ಲೇವ್ ಮಾಡಿ, ಸುಮಾರು 50 ಡಿಗ್ರಿಗೆ ಆರಿದ ಅಗಾರ್ ಜೊತೆ ಬೆರೆಸಬೇಕು. ಹೆಚ್ಚು ಉಪ್ಪಿನಲ್ಲಿ ಹಾಲು ಕೆಲವೊಮ್ಮೆ ಒಡೆದು ಪ್ಲೇಟು ಮಚ್ಚೆಮಚ್ಚೆಯಾಗುತ್ತದೆ. ಹಾಗಾದಾಗ ವಲಯದ ಅಳತೆಯನ್ನು ನಂಬಬಾರದು. ಕೊಬ್ಬು ಒಡೆಯುವ ಲೈಪೇಸಿಗೆ ಟ್ವೀನ್ 80 (ಕೊಬ್ಬಿನಾಮ್ಲವಿರುವ ಒಂದು ಸಂಯುಕ್ತ) ಮತ್ತು ಅಲ್ಪ ಕ್ಯಾಲ್ಸಿಯಂ ಕ್ಲೋರೈಡ್ ಇರುವ ಪ್ಲೇಟಿನಲ್ಲಿ ಕಾಲನಿಯ ಸುತ್ತ ಬಿಳಿ ಮೋಡದಂಥ ವಲಯ ಮೂಡುತ್ತದೆ, ಬಿಡುಗಡೆಯಾದ ಕೊಬ್ಬಿನಾಮ್ಲ ಕ್ಯಾಲ್ಸಿಯಂ ಜೊತೆ ಕೂಡಿದ ಫಲವದು. ಸಸ್ಯನಾರಿನ ಸೆಲ್ಯುಲೋಸ್ ಒಡೆಯುವ ಸೆಲ್ಯುಲೇಸಿಗೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಪ್ಲೇಟನ್ನು ಕಾಂಗೊ ರೆಡ್‌ನಿಂದ ಬಣ್ಣಗೊಳಿಸಿ ಉಪ್ಪುನೀರಿನಿಂದ ತೊಳೆಯುತ್ತಾರೆ. ಕಾಂಗೊ ರೆಡ್ ಅಪಾಯಕಾರಿಯಾದ್ದರಿಂದ ಕೈಗವಸು ಕಡ್ಡಾಯ.

ವಲಯದ ವ್ಯಾಸವನ್ನು ಕಾಲನಿಯ ವ್ಯಾಸದಿಂದ ಭಾಗಿಸಿ ಬಂದ ಅನುಪಾತ ಆಯ್ಕೆಗೆ ಮಾತ್ರ. ಕಿಣ್ವ ಅಗಾರಿನಲ್ಲಿ ಎಷ್ಟು ದೂರ ಹರಡಿತೆಂಬುದು ಅದರ ಗಾತ್ರ, ತೇವ, ದಿನಗಳ ಮೇಲೂ ನಿಂತಿರುವುದರಿಂದ ದೊಡ್ಡ ವಲಯವೆಂದರೆ ಹೆಚ್ಚು ಕಿಣ್ವವೆಂದು ಅರ್ಥವಲ್ಲ. ಮುಂಚೂಣಿಯ ನಾಲ್ಕೈದು ಜಾತಿಗಳನ್ನು ಆರಿಸಿಕೊಂಡು ದ್ರವ ಮಾಧ್ಯಮಕ್ಕೆ ಹೋಗಬೇಕು.

ಉತ್ಪಾದನೆ

250 ಮಿಲಿಲೀಟರ್ ಫ್ಲಾಸ್ಕಿನಲ್ಲಿ 50 ಮಿಲಿಲೀಟರಿಗಿಂತ ಹೆಚ್ಚು ಮಾಧ್ಯಮ ತುಂಬಬಾರದು. ಉಪ್ಪು ಹೆಚ್ಚಿದಂತೆ ನೀರಿನಲ್ಲಿ ಕರಗುವ ಆಮ್ಲಜನಕ ಬಹಳ ಇಳಿಯುತ್ತದೆ. ಸಾಮಾನ್ಯ ಬ್ಯಾಕ್ಟೀರಿಯಾಗಳಿಗೆ ಸಾಲುವ ಗಾಳಿ ಇವುಗಳಿಗೆ ಸಾಲದು. 2 ಶೇಕಡಾ ಬೀಜ ಕಲ್ಚರ್ ಹಾಕಿ, ನಿಮಿಷಕ್ಕೆ 150 ಸುತ್ತಿನ ಶೇಕರಿನಲ್ಲಿ ಇಟ್ಟು, 12 ಗಂಟೆಗೊಮ್ಮೆ ಮಾದರಿ ತೆಗೆಯಬೇಕು. 600 ನ್ಯಾನೊಮೀಟರಿನಲ್ಲಿ ಬೆಳವಣಿಗೆಯ ಮಬ್ಬನ್ನು ಅಳೆಯುವಾಗ, ತೆಳುಗೊಳಿಸುವ ಅಗತ್ಯ ಬಂದರೆ ಅದೇ ಉಪ್ಪಿನ ದ್ರಾವಣವನ್ನೇ ಬಳಸಬೇಕು. ನೀರು ಬೆರೆಸಿದರೆ ಜೀವಕೋಶಗಳು ಒಡೆದು ಓದಿಕೆ ಕುಸಿಯುವುದಲ್ಲದೆ ಒಳಗಿನ ಕಿಣ್ವಗಳೂ ಹೊರಬಂದು ಲೆಕ್ಕ ತಪ್ಪುತ್ತದೆ.

ಹೊರಸ್ರವಿಸುವ ಕಿಣ್ವಗಳು ಸಾಮಾನ್ಯವಾಗಿ ವೇಗದ ಬೆಳವಣಿಗೆ ಮುಗಿದು ಸ್ಥಿರ ಹಂತ ಆರಂಭವಾಗುವ ಹೊತ್ತಿಗೆ ಗರಿಷ್ಠ ಮಟ್ಟ ಮುಟ್ಟುತ್ತವೆ. ಮಾಧ್ಯಮದಲ್ಲಿ ಗ್ಲೂಕೋಸ್ ಇದ್ದರೆ ಅನೇಕ ಜಾತಿಗಳಲ್ಲಿ ಅಮೈಲೇಸ್ ಉತ್ಪಾದನೆ ಅಡಗುತ್ತದೆ, ಆದ್ದರಿಂದ ಪಿಷ್ಟವನ್ನೇ ಮುಖ್ಯ ಇಂಗಾಲದ ಮೂಲವಾಗಿ ಕೊಡಬೇಕು. ಒಂದು ಬಾರಿಗೆ ಒಂದೇ ಅಂಶವನ್ನು ಬದಲಿಸುತ್ತ, ಉಪ್ಪನ್ನು 0, 3, 5, 10, 15, 20, 25 ಶೇಕಡಾ, ಪಿಎಚ್ ಅನ್ನು 6ರಿಂದ 10, ಉಷ್ಣತೆಯನ್ನು 25ರಿಂದ 50 ಡಿಗ್ರಿಯವರೆಗೆ ಪರೀಕ್ಷಿಸಬೇಕು. ಪ್ರತಿಯೊಂದಕ್ಕೂ ಮೂರು ಫ್ಲಾಸ್ಕುಗಳು ಬೇಕು. ಕಿಣ್ವದ ಪ್ರಮಾಣವನ್ನು ಬೆಳವಣಿಗೆಯಿಂದ ಭಾಗಿಸಿಯೂ ತೋರಿಸಬೇಕು. 5 ಶೇಕಡಾ ಉಪ್ಪಿನಲ್ಲಿ ಜೀವಿ ಹುಲುಸಾಗಿ ಬೆಳೆದೂ 12 ಶೇಕಡಾದಲ್ಲಿ ಒಂದೊಂದು ಜೀವಕೋಶ ಹೆಚ್ಚು ಕಿಣ್ವ ಉತ್ಪಾದಿಸುತ್ತಿರುವುದು ಸಾಧ್ಯ. ಬೆಳವಣಿಗೆಗೆ ಒಣ ತೂಕದ ಅಳತೆ ಇಲ್ಲಿ ಬೇಡ, ಗಸಿಯಲ್ಲಿ ಉಳಿಯುವ ಉಪ್ಪೇ ತೂಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಅಗ್ಗವಾಗಿ ಸಿಗುವ ವಸ್ತುಗಳನ್ನು ಈ ಹಂತದಲ್ಲಿ ಪರೀಕ್ಷಿಸುವುದು ನಿಜವಾಗಿಯೂ ಯೋಗ್ಯ. ಪ್ರೋಟಿಯೇಸಿಗೆ ಮೀನು ಕತ್ತರಿಸಿ ಉಳಿದ ತ್ಯಾಜ್ಯ, ಚಿಪ್ಪಿನ ಕೈಟಿನ್ ಒಡೆಯುವ ಕೈಟಿನೇಸಿಗೆ ಸಿಗಡಿಯ ಸಿಪ್ಪೆ, ಅಮೈಲೇಸಿಗೆ ಅಕ್ಕಿಯ ತೌಡು, ಸಸ್ಯನಾರಿನ ಕ್ಸೈಲಾನ್ ಒಡೆಯುವ ಕ್ಸೈಲನೇಸಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳಲ್ಲಿ ರಾಶಿ ಬೀಳುವ ಅಡಿಕೆ ಸಿಪ್ಪೆ – ಇವನ್ನು ಒಣಗಿಸಿ, ಪುಡಿಮಾಡಿ, 1 ಶೇಕಡಾ ಪ್ರಮಾಣದಲ್ಲಿ ಸೇರಿಸಿ ಹೋಲಿಸಬಹುದು.

ಅಳತೆ

ಬೆಳೆದ ಕಲ್ಚರನ್ನು 10,000 ಜಿ ವೇಗದಲ್ಲಿ 15ರಿಂದ 20 ನಿಮಿಷ ಸೆಂಟ್ರಿಫ್ಯೂಜ್ ಮಾಡಬೇಕು. ಉಪ್ಪುನೀರು ದಟ್ಟವಾಗಿರುವುದರಿಂದ ಕಡಿಮೆ ವೇಗದಲ್ಲಿ ಜೀವಕೋಶಗಳು ಪೂರ್ತಿ ತಳಕ್ಕಿಳಿಯುವುದಿಲ್ಲ. ಮೇಲಿನ ತಿಳಿಯೇ ಕಚ್ಚಾ ಕಿಣ್ವ.

ಅಮೈಲೇಸಿಗೆ ಮಿಲ್ಲರ್ 1959ರಲ್ಲಿ ಪ್ರಕಟಿಸಿದ, ಬಿಡುಗಡೆಯಾದ ಸಕ್ಕರೆಯನ್ನು ಡೈನೈಟ್ರೊಸ್ಯಾಲಿಸಿಲಿಕ್ ಆಮ್ಲದ ಬಣ್ಣದಿಂದ ಅಳೆಯುವ ಡಿಎನ್‌ಎಸ್ ವಿಧಾನ ಸಾಕು. 0.5 ಮಿಲಿಲೀಟರ್ ತಿಳಿಗೆ, ಬಫರಿನಲ್ಲಿ ಕರಗಿಸಿದ 1 ಶೇಕಡಾ ಪಿಷ್ಟವನ್ನು 0.5 ಮಿಲಿಲೀಟರ್ ಸೇರಿಸಿ, 40 ಡಿಗ್ರಿಯಲ್ಲಿ 10 ನಿಮಿಷ ಇಟ್ಟು, 1 ಮಿಲಿಲೀಟರ್ ಡಿಎನ್‌ಎಸ್ ಹಾಕಿ, ಕುದಿಯುವ ನೀರಿನಲ್ಲಿ ಐದು ನಿಮಿಷ ಇರಿಸಿ, ಆರಿಸಿ, ತೆಳುಗೊಳಿಸಿ 540 ನ್ಯಾನೊಮೀಟರಿನಲ್ಲಿ ಓದಬೇಕು. ನಿಮಿಷಕ್ಕೆ ಒಂದು ಮೈಕ್ರೊಮೋಲ್ ಮಾಲ್ಟೋಸಿಗೆ ಸಮನಾದ ಸಕ್ಕರೆ ಬಿಡುಗಡೆ ಮಾಡುವ ಕಿಣ್ವದ ಪ್ರಮಾಣ ಒಂದು ಯೂನಿಟ್. ಉದಾಹರಣೆಗೆ, 0.684 ಮಿಲಿಗ್ರಾಂ ಮಾಲ್ಟೋಸ್ ಬಿಡುಗಡೆಯಾಗಿದ್ದರೆ ಅದನ್ನು 342ರಿಂದ ಭಾಗಿಸಿದಾಗ 2 ಮೈಕ್ರೊಮೋಲ್ ಆಗುತ್ತದೆ. ಅದನ್ನು 10 ನಿಮಿಷದಿಂದಲೂ 0.5 ಮಿಲಿಲೀಟರಿನಿಂದಲೂ ಭಾಗಿಸಿದರೆ ಮಿಲಿಲೀಟರಿಗೆ 0.4 ಯೂನಿಟ್. ಮಾಲ್ಟೋಸಿನ ಮಾನಕ ರೇಖೆಯನ್ನು ಅದೇ ಪ್ರಮಾಣದ ಉಪ್ಪಿನಲ್ಲಿಯೇ ರಚಿಸಬೇಕು. ಕುದಿಸಿ ನಿಷ್ಕ್ರಿಯಗೊಳಿಸಿದ ಕಿಣ್ವ ಮತ್ತು ಜೀವಿ ಹಾಕದೆ ಅಷ್ಟೇ ದಿನ ಇಟ್ಟ ಮಾಧ್ಯಮ – ಈ ಎರಡು ನಿಯಂತ್ರಣಗಳಿಲ್ಲದ ಅಂಕಿಗೆ ಬೆಲೆಯಿಲ್ಲ, ಏಕೆಂದರೆ ಮಾಧ್ಯಮದಲ್ಲಿಯೇ ಒಂದಿಷ್ಟು ಅಪಕರ್ಷಕ ಸಕ್ಕರೆ ಇರುತ್ತದೆ.

ಪ್ರೋಟಿಯೇಸಿಗೆ ಕೇಸಿನ್ ಬಳಸಿ, ಟ್ರೈಕ್ಲೋರೊ ಅಸಿಟಿಕ್ ಆಮ್ಲದಿಂದ ಕ್ರಿಯೆ ನಿಲ್ಲಿಸಿ, ಫೋಲಿನ್ ಕಾರಕದಿಂದ ಟೈರೋಸಿನ್ ಅಳೆಯುತ್ತಾರೆ. ಇಲ್ಲಿ ಸೋಡಿಯಂ ಕಾರ್ಬೊನೇಟ್ ಹಾಕಿದ ಕೂಡಲೇ ಮಾಧ್ಯಮದ ಮೆಗ್ನೀಸಿಯಂ ಗಸಿಯಾಗಿ ಓದಿಕೆ ಕೆಡುತ್ತದೆ. ಓದುವ ಮುನ್ನ ಮತ್ತೊಮ್ಮೆ ಸೆಂಟ್ರಿಫ್ಯೂಜ್ ಮಾಡಬೇಕು, ಅಥವಾ ಉತ್ಪಾದನಾ ಮಾಧ್ಯಮದಲ್ಲಿ ಮೆಗ್ನೀಸಿಯಂ ಇಳಿಸಬೇಕು. ಪ್ರೋಟೀನು ಅಳೆಯಲು ಇದೇ ಕಾರಣಕ್ಕೆ ಲೌರಿ ವಿಧಾನಕ್ಕಿಂತ ಬ್ರಾಡ್‌ಫೋರ್ಡ್ ವಿಧಾನ ಮೇಲು.

ಈಗ ಮುಖ್ಯ ಪರೀಕ್ಷೆಗೆ ಬರೋಣ: ಕಿಣ್ವಕ್ಕೆ ಉಪ್ಪು ಬೇಕೇ? 10 ಶೇಕಡಾ ಉಪ್ಪಿನ ಮಾಧ್ಯಮದ ತಿಳಿಯನ್ನು ಉಪ್ಪಿಲ್ಲದ ಬಫರಿನೊಡನೆ ಸಮಸಮ ಬೆರೆಸಿದರೆ ಕೊಳವೆಯಲ್ಲಿ 5 ಶೇಕಡಾ ಉಪ್ಪು ಇನ್ನೂ ಉಳಿದಿರುತ್ತದೆ. ಅದನ್ನೇ ‘ಸೊನ್ನೆ ಉಪ್ಪು’ ಎಂದು ನಕ್ಷೆಯಲ್ಲಿ ಗುರುತಿಸುವುದು ಬಹಳ ಸಾಮಾನ್ಯವಾದ ತಪ್ಪು. ನಿಜವಾದ ಸೊನ್ನೆಗೆ ಕಿಣ್ವವನ್ನು ಉಪ್ಪಿಲ್ಲದ ಬಫರಿಗೆ ಎದುರಾಗಿ ಡಯಾಲಿಸಿಸ್ ಮಾಡಬೇಕು (ಉಪ್ಪು ಸೋರಿಹೋಗಿ ಕಿಣ್ವ ಉಳಿಯುವ ಪೊರೆಚೀಲದಲ್ಲಿ ಇಡಬೇಕು), ಅಥವಾ ಚಟುವಟಿಕೆ ಸಾಕಷ್ಟಿದ್ದರೆ ಹಲವು ಪಟ್ಟು ತೆಳುಗೊಳಿಸಬೇಕು. ಬಳಿಕ ಕ್ರಿಯಾ ಮಿಶ್ರಣದ ಉಪ್ಪನ್ನು 0ಯಿಂದ 25 ಶೇಕಡಾವರೆಗೆ ಬದಲಿಸಿ ಚಟುವಟಿಕೆ ಅಳೆಯಬೇಕು. ಇದು ಒಂದು ಪರೀಕ್ಷೆ. ಎರಡನೆಯದರಲ್ಲಿ ಕಿಣ್ವವನ್ನು ಬೇರೆಬೇರೆ ಉಪ್ಪಿನಲ್ಲಿ 24 ಗಂಟೆ ಇಟ್ಟು, ಅನಂತರ ಎಲ್ಲವನ್ನೂ ಒಂದೇ ಅನುಕೂಲ ಉಪ್ಪಿನಲ್ಲಿ ಅಳೆಯಬೇಕು; ಇದು ಬಾಳಿಕೆಯ ಅಳತೆ. ಮೂರನೆಯದಾಗಿ, ಉಪ್ಪು ತೆಗೆದು ಚಟುವಟಿಕೆ ಕುಸಿದಿದ್ದರೆ ಉಪ್ಪನ್ನು ಮತ್ತೆ ಸೇರಿಸಿ ಅದು ಮರಳುತ್ತದೆಯೇ ನೋಡಬೇಕು. ಸೊನ್ನೆ ಉಪ್ಪಿನಲ್ಲಿಯೇ ಚಟುವಟಿಕೆ ಗರಿಷ್ಠವಾಗಿದ್ದು 20 ಶೇಕಡಾದಲ್ಲಿಯೂ ಅದರ ಬಹುಭಾಗ ಉಳಿದರೆ ಅದು ಲವಣಸಹಿಷ್ಣು ಕಿಣ್ವ. ಅದರಲ್ಲಿ ನಿರಾಸೆಪಡುವಂಥದ್ದೇನೂ ಇಲ್ಲ. ಮೀನು ಸಂಸ್ಕರಣೆಯ ಉಪ್ಪುನೀರಿನ ತ್ಯಾಜ್ಯವನ್ನು ಶುದ್ಧೀಕರಿಸಲು ಏರಿಳಿಯುವ ಉಪ್ಪಿನಲ್ಲಿಯೂ ದುಡಿಯುವ ಕಿಣ್ವವೇ ಹೆಚ್ಚು ಒಳ್ಳೆಯದು. ಉಪ್ಪಿನಲ್ಲಿ ನೀರಿನ ಲಭ್ಯತೆ ಕಡಿಮೆಯಾದ ಸ್ಥಿತಿಗೆ ಒಗ್ಗಿದ ಇಂಥ ಕಿಣ್ವಗಳಲ್ಲಿ ಕೆಲವು ಸಾವಯವ ದ್ರಾವಕಗಳಲ್ಲಿಯೂ ಉಳಿಯುತ್ತವೆ, ಆದ್ದರಿಂದ ಅದನ್ನೂ ಪರೀಕ್ಷಿಸಬಹುದು.

ಶುದ್ಧೀಕರಣಕ್ಕೆ ಮುಂದುವರಿಯುವವರು ಗಮನಿಸಬೇಕಾದದ್ದು ಎರಡೇ ಮಾತು. ಲವಣಪ್ರಿಯ ಪ್ರೋಟೀನುಗಳು ಅಮೋನಿಯಂ ಸಲ್ಫೇಟಿಗೆ ಸುಲಭವಾಗಿ ಗಸಿಯಾಗುವುದಿಲ್ಲ, ತಣ್ಣಗಿನ ಎಥನಾಲ್ ಬೇಕಾಗಬಹುದು. ಹೆಚ್ಚು ಉಪ್ಪಿನಲ್ಲಿ ಅಯಾನು ವಿನಿಮಯ ಸ್ತಂಭಕ್ಕೆ ಪ್ರೋಟೀನು ಅಂಟುವುದಿಲ್ಲ, ಜಲವಿಕರ್ಷಕ ಸ್ತಂಭ ಮಾತ್ರ ಅಂಥ ಉಪ್ಪಿನಲ್ಲಿಯೇ ಚೆನ್ನಾಗಿ ಕೆಲಸ ಮಾಡುತ್ತದೆ.

ಕೆಲಸ ಮುಗಿದ ದಿನವೇ ಸೆಂಟ್ರಿಫ್ಯೂಜಿನ ರೋಟರ್, ಶೇಕರಿನ ಹಿಡಿಕೆಗಳು, ಆಟೋಕ್ಲೇವಿನ ಒಳಭಾಗವನ್ನು ಸಿಹಿನೀರಿನಲ್ಲಿ ತೊಳೆದು ಒರೆಸಬೇಕು. ಅಲ್ಯೂಮಿನಿಯಂ ರೋಟರಿನಲ್ಲಿ ಉಳಿದ ಉಪ್ಪು ಅದನ್ನು ತಿಂದು ಬಿರುಕಿಗೆ ದಾರಿ ಮಾಡುತ್ತದೆ. ಒಳ್ಳೆಯ ಜಾತಿಗಳನ್ನು 20 ಶೇಕಡಾ ಗ್ಲಿಸರಾಲ್ ಬೆರೆಸಿದ, ಅವುಗಳದೇ ಉಪ್ಪಿನ ಪ್ರಮಾಣವಿರುವ ಮಾಧ್ಯಮದಲ್ಲಿ ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಆ ಸೌಕರ್ಯವಿಲ್ಲದಿದ್ದರೆ ಸ್ಲಾಂಟುಗಳನ್ನು 4 ಡಿಗ್ರಿಯಲ್ಲಿಟ್ಟು ತಿಂಗಳಿಗೊಮ್ಮೆ ನವೀಕರಿಸಬೇಕು. ವಿಶೇಷವೆನಿಸಿದ ಜಾತಿಯನ್ನು ಪುಣೆಯ ರಾಷ್ಟ್ರೀಯ ಸೂಕ್ಷ್ಮಜೀವಿ ಸಂಪನ್ಮೂಲ ಕೇಂದ್ರದಲ್ಲಾಗಲಿ ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹಾಲಯವಾದ ಎಂಟಿಸಿಸಿಯಲ್ಲಾಗಲಿ ಠೇವಣಿ ಇಡಬಹುದು. ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆಯೆಂದು 2024ರ ಜನವರಿಯಲ್ಲಿ ಪ್ರಕಟಿಸಲಾಯಿತು. ಅಲ್ಲಿಂದ ತಂದ ಜೀವಿಯನ್ನು ವಾಣಿಜ್ಯಕ್ಕೆ ಬಳಸುವ ಅಥವಾ ವಿದೇಶಕ್ಕೆ ಕಳುಹಿಸುವ ಯೋಚನೆ ಇದ್ದರೆ 2002ರ ಜೀವವೈವಿಧ್ಯ ಕಾಯ್ದೆಯ ನಿಯಮಗಳನ್ನು ಮೊದಲೇ ತಿಳಿದುಕೊಂಡಿರಬೇಕು. ಪ್ರತಿ ಬಾಟಲಿಯ ಮೇಲೆ ಜಾತಿಯ ಸಂಖ್ಯೆ, ಸಂಗ್ರಹಿಸಿದ ಕೊಳ, ದಿನಾಂಕ ಮತ್ತು ಮಾಧ್ಯಮದ ಉಪ್ಪಿನ ಪ್ರಮಾಣವನ್ನು ಅಳಿಸಲಾರದ ಶಾಯಿಯಲ್ಲಿ ಬರೆದಿರಬೇಕು, ಮುಂದಿನ ವರ್ಷ ಅದನ್ನು ತೆರೆಯುವ ವಿದ್ಯಾರ್ಥಿಗೆ ಯಾವ ಉಪ್ಪಿನಲ್ಲಿ ಬೆಳೆಸಬೇಕೆಂಬುದು ಆ ಚೀಟಿಯಿಂದಲೇ ತಿಳಿಯಬೇಕು.